ಯಾರನ್ನು ಕರೆಯಬೇಕು

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ತಿಂದಿದ್ದು ಬ್ರೆಡ್ಡು, ಮೊಟ್ಟೆ. ಬಸ್ಸಿನಲ್ಲಿ ಪಕ್ಕ ಕೂತವಳ ಕೊಡೆ ಹಸಿರು. ದಾಖಲೆ ಕೋಣೆಯ ಬೀಗದ ಕೈ ಕೈಚೀಲದ ಒಳಜೇಬಿನಲ್ಲಿದೆ. ಮೂರೂ ನೆನಪಿದೆ.

ಇನ್ನು ಮೇಲೆ ದಿನಾ ಹೀಗೇ ಬರೆದಿಡುತ್ತೇನೆ. ಮಾರನೇ ದಿನ ಓದಿ, ನೆನಪಿದೆಯೋ ಇಲ್ಲವೋ ನೋಡಿಕೊಳ್ಳುತ್ತೇನೆ. ಪರೀಕ್ಷೆ ಬರೆಯುವವಳೂ ನಾನೇ, ಮಾರ್ಕ್ಸ್ ಕೊಡುವವಳೂ ನಾನೇ. ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ? ಒಬ್ಬರಿಗೆ ಹೇಳಿದರೆ ಇಡೀ ಆಸ್ಪತ್ರೆಗೆ ಡಂಗುರ ಹೊಡೆದ ಹಾಗೆ.

ವಿಷಯ ಇಷ್ಟು. ಮೂರನೇ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದಾರೆ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ವಾರ್ಡಿನ ಗೋಡೆ ಗಡಿಯಾರ ಹಿಂದೆ ಓಡುತ್ತದೆ ಅಂತ ಈಗಲೂ ಸಿಸ್ಟರುಗಳ ಜೊತೆ ಜಗಳ. ಅವರಿಗೆ ಕಡಲೆಕಾಯಿ ಆಗಲ್ಲ. ಶನಿವಾರ ಅಡುಗೆಮನೆಯಿಂದ ಅವರಿಗೆ ಹೋಗಿದ್ದು ಕಡಲೆಕಾಯಿ ಅರೆದು ಹಾಕಿದ ಸೂಪು. ಉಸಿರು ಕಟ್ಟಿ ಮುಖ ಊದಿಕೊಂಡಿತು. ಪಕ್ಕದ ಹಾಸಿಗೆಯವನು ಗಂಟೆ ಒತ್ತಿದ್ದರಿಂದ ಜೀವ ಉಳಿಯಿತು.

ವಾರ್ಡಿನವರು ಪಟ್ಟಿಯಲ್ಲಿ ಸರಿಯಾಗೇ ಬರೆದಿದ್ದಾರೆ: "ಕಡಲೆಕಾಯಿ ಯಾವ ರೂಪದಲ್ಲೂ ಕೊಡಬಾರದು, ತಿಂದರೆ ಗಂಟಲು ಬಾತುಕೊಳ್ಳುತ್ತದೆ." ಅಡುಗೆಮನೆಗೆ ಹೋದ ಚೀಟಿಯಲ್ಲಿ ಇದ್ದದ್ದು "ಗಂಟಲು ಬಾತುಕೊಳ್ಳುತ್ತದೆ" ಅಷ್ಟೇ. ಅಯ್ಯೋ ಪಾಪ, ಗಂಟಲು ಬಾತಿದೆಯಲ್ಲ, ನುಂಗೋಕೆ ಸುಲಭವಾಗಲಿ ಅಂತ ಅಡುಗೆಯವರು ಇನ್ನಷ್ಟು ನುಣ್ಣಗೆ ಅರೆದು ಕಳಿಸಿದ್ದಾರೆ.

ವಾರ್ಡಿನ ಪಟ್ಟಿಗೂ ಅಡುಗೆಮನೆಯ ಚೀಟಿಗೂ ಮಧ್ಯೆ ಇರುವುದು ನಾನೊಬ್ಬಳೇ.

ಪೂರ್ತಿ ಸಾಲು ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಅಮ್ಮನಿಗೂ ಎಲ್ಲ ಚೆನ್ನಾಗಿ ನೆನಪಿರುತ್ತದೆ. ಒಲೆ ಆರಿಸಿದ್ದು ನೆನಪಿರುತ್ತದೆ, ಒಲೆ ಉರಿಯುತ್ತಿರುತ್ತದೆ. ಅವಳಿಗೆ ಮರೆವು ಶುರುವಾದದ್ದೂ ನನ್ನ ಈ ವಯಸ್ಸಿನ ಆಸುಪಾಸಿನಲ್ಲೇ ಇರಬೇಕು, ನಾವು ಗಮನಿಸಲಿಲ್ಲ ಅಷ್ಟೇ.

ಮಾರ್ಚ್ ೪, ಮಂಗಳವಾರ

ನಿನ್ನೆಯದು ಓದಿದೆ. ಕೊಡೆ ಹಸಿರು, ಸರಿ. ಇವತ್ತು ಬ್ರೆಡ್ಡು ಮಾತ್ರ, ಮೊಟ್ಟೆ ಮುಗಿದಿತ್ತು. ಲಿಫ್ಟಿನಲ್ಲಿ ಸಿಕ್ಕ ಎಕ್ಸ್-ರೇಯವನ ಕಾಲುಚೀಲ ಒಂದು ಕಪ್ಪು, ಇನ್ನೊಂದು ನೀಲಿ.

ಸೂಪರಿಂಟೆಂಡೆಂಟರು ಕರೆಸಿದ್ದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಏನಾಯ್ತು ಅಂತ ಗೊತ್ತಾಗಬೇಕಲ್ಲ ಮೇಡಂ. ಇನ್ನೊಂದು ಸಲ ಆದ್ರೆ ಯಾರು ಜವಾಬ್ದಾರಿ? ಹದಿನೇಳಕ್ಕೆ ಮೀಟಿಂಗ್ ಇಟ್ಟಿದ್ದೀನಿ, ಅಷ್ಟರೊಳಗೆ ನೋಡಿ ಹೇಳಿ" ಅಂದರು. ದೊಡ್ಡ ಸಿಸ್ಟರ್, ಅಂದರೆ ಎಲ್ಲ ವಾರ್ಡುಗಳ ನರ್ಸುಗಳಿಗೆ ಮುಖ್ಯಸ್ಥೆ, ಪಕ್ಕದಲ್ಲೇ ನಿಂತಿದ್ದರು. ನನ್ನ ಕಡೆ ನೋಡಿ, "ನಮ್ಮವರು ಬರೆದಿದ್ದು ಸರಿಯಾಗೇ ಇದೆ ಸಾರ್" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ತಕ್ಷಣ "ನಂದೇ ಏನೋ ತಪ್ಪಾಗಿರಬೇಕು ಸಾರ್" ಅಂದುಬಿಟ್ಟೆ. ಯಾರೂ ಕೇಳಿರಲಿಲ್ಲ.

ನನ್ನ ಕೆಲಸದ ಬಗೆ ಇಲ್ಲಿ ಬರೆದುಕೊಳ್ಳುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ ಅಂತ ಬರೆದರೆ ಕಂಡೀತು. ಬೆಳಿಗ್ಗೆ ವಾರ್ಡುಗಳಿಂದ ಕಂಪ್ಯೂಟರಿಗೆ ಪಟ್ಟಿ ಬರುತ್ತದೆ. ಕಾಲಂಗಳು: ಹಾಸಿಗೆ, ಹೆಸರು, ಯಾರನ್ನು ಕರೆಯಬೇಕು, ಊಟದ ಎಚ್ಚರಿಕೆ. ಅದನ್ನು ಡೇಟಾಬೇಸಿಗೆ ತುಂಬಬೇಕು. ಅಲ್ಲಿಂದ ಅಡುಗೆಮನೆಗೂ ಹಾಸಿಗೆಯ ತಲೆಗೆ ನೇತುಹಾಕುವುದಕ್ಕೂ ಚೀಟಿ ಅಚ್ಚಾಗುತ್ತದೆ. ತುಂಬೋಕೆ ಚೆಂದದ ಸಾಫ್ಟ್‌ವೇರ್ ಬರುತ್ತದೆ ಬರುತ್ತದೆ ಅನ್ನುತ್ತಲೇ ಇದ್ದಾರೆ. ಬರುವವರೆಗೆ ನನಗೆ ಕಪ್ಪು ಕಿಟಕಿಯೇ ಗತಿ. ಚಿತ್ರವಿಲ್ಲ, ಗುಂಡಿಯಿಲ್ಲ, ಕರ್ರನೆ ಪರದೆಯ ಮೇಲೆ ಮಿಣುಕುವ ಒಂದು ಗೆರೆ. ಅಲ್ಲಿ ಕಮ್ಯಾಂಡ್ ಬರೆದು ಎಂಟರ್ ಒತ್ತಬೇಕು.

ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಗಡ್ಡದವನು ಬೇರೆ ಊರಿಗೆ ಹೋಗುವ ಮುಂಚೆ ಒಂದು ಉಪಾಯ ಹೇಳಿಕೊಟ್ಟ. ಪಟ್ಟಿಯ ಪ್ರತಿ ಸಾಲಿನ ಹಿಂದೆ ಮುಂದೆ ಕಮ್ಯಾಂಡಿನ ಮಾತು ತಾನಾಗೇ ಬರುವ ಹಾಗೆ ಮಾಡಿಟ್ಟಿದ್ದಾನೆ. ನಾನು ಇಡೀ ಪಟ್ಟಿ ಕಾಪಿ ಮಾಡಿ ಕಪ್ಪು ಕಿಟಕಿಯಲ್ಲಿ ಪೇಸ್ಟ್ ಮಾಡಿದರೆ ಸಾಲುಗಳು ದಡದಡ ಓಡುತ್ತವೆ. "ಓಡೋದನ್ನ ನೋಡಬೇಡಿ ಮೇಡಂ, ತಲೆ ತಿರುಗುತ್ತೆ. ಕೊನೇ ಸಾಲು ನೋಡಿ. ಅದು ಸರಿ ಅಂದ್ರೆ ಎಲ್ಲಾ ಸರಿ" ಅಂದಿದ್ದ. ಅವತ್ತಿನಿಂದ ಪೇಸ್ಟ್ ಮಾಡಿ, ಮುಖ ತಿರುಗಿಸಿ ಚಹಾ ಕುಡಿಯುವುದು ನನ್ನ ರೂಢಿ.

ಇವತ್ತು ಅಜ್ಜನ ಸಾಲನ್ನು ಕೈಯಲ್ಲೇ ಟೈಪ್ ಮಾಡಿದೆ. ಒಂದಕ್ಷರ ಆಚೀಚೆ ಆಗದೆ ಪೂರ್ತಿ ಕೂತಿತು. ಅಂದರೆ ಯಂತ್ರ ನೆಟ್ಟಗಿದೆ.

ಮಾರ್ಚ್ ೬, ಗುರುವಾರ

ಹಳೆಯ ಪಟ್ಟಿಗಳನ್ನೂ ಡೇಟಾಬೇಸನ್ನೂ ಪಕ್ಕಪಕ್ಕ ಇಟ್ಟುಕೊಂಡು ಎಚ್ಚರಿಕೆಯ ಕಾಲಂ ಒಂದೊಂದಾಗಿ ನೋಡಿದೆ. ನೋಡಬಾರದಿತ್ತು.

ಅಜ್ಜನದೊಂದೇ ಅಲ್ಲ. ಒಂದು ಕಡೆ "ಸಕ್ಕರೆ ಕೊಡಬಾರದು" ಹೋಗಿ "ಮಾತ್ರ ಕೊಡಿ" ಉಳಿದಿದೆ. ಇನ್ನೊಂದು ಕಡೆ ಬರೀ "ಜಾಸ್ತಿಯಾಗುತ್ತದೆ." ಏನು ಜಾಸ್ತಿ? ಎಲ್ಲಾ ಕಳೆದ ತಿಂಗಳಿಂದ ಈಚೆಗೆ. ಅದಕ್ಕೆ ಮೊದಲು ಒಂದೂ ಇಲ್ಲ. ಅಂದರೆ ಕಳೆದ ತಿಂಗಳು ನನ್ನ ತಲೆಯಲ್ಲಿ ಏನೋ ಕಳಚಿದೆ.

ಸಿಕ್ಕಿದ್ದನ್ನೆಲ್ಲ ಕೈಯಲ್ಲಿ ಸರಿ ಮಾಡಿದೆ. ಆಯಾ ದಿನಗಳಲ್ಲಿ ನಾನೇನು ಮಾಡುತ್ತಿದ್ದೆ, ನಿದ್ದೆ ಆಗಿತ್ತಾ, ಅಮ್ಮನ ಜೊತೆ ಜಗಳ ಆಗಿತ್ತಾ ಅಂತ ನೆನೆಸಿಕೊಳ್ಳಲು ನೋಡಿದೆ. ಆ ಸಾಲುಗಳಿಗೆಲ್ಲ ಇರುವ ಸಂಬಂಧ ಒಂದೇ, ನಾನು.

ಸಂಜೆ ಅಮ್ಮ ಕಿಟಕಿಯ ಹತ್ತಿರ ಕೂತು ಅದೇ ಕಥೆ ಎತ್ತಿಕೊಂಡಳು. "ಅವತ್ತು ಬಸ್‌ಸ್ಟ್ಯಾಂಡಲ್ಲಿ ನಿನ್ನ ಕೈ ತಪ್ಪೋಯ್ತು ನೋಡು..."

"ಯಾವ ಬಸ್‌ಸ್ಟ್ಯಾಂಡು ಅಮ್ಮ?" ಅಂದೆ. ಡಾಕ್ಟರು ಹೇಳಿದ್ದಾರೆ, ಮಾತಾಡಿಸುತ್ತಾ ಇರಿ ಅಂತ.

"ಅದೇ... ದೊಡ್ಡದು."

"ನಾನೆಷ್ಟು ದೊಡ್ಡವಳಿದ್ದೆ? ಶಾಲೆಗೆ ಸೇರಿದ್ನಾ?"

ಅಮ್ಮ ನನ್ನ ಮುಖ ನೋಡಿದಳು. ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು. "ಏನೋ ಹೇಳ್ತಿದ್ನಲ್ಲೇ" ಅಂದಳು. ಆಮೇಲೆ, "ನೀನೇನು ಪೊಲೀಸಾ?" ಅಂತ ಸಿಡುಕಿ ಗೋಡೆ ಕಡೆ ತಿರುಗಿದಳು. ಆ ಕಥೆ ಕೈ ತಪ್ಪಿದಲ್ಲಿಂದ ಆಚೆಗೆ ಇತ್ತೀಚೆಗೆ ಹೋಗಿದ್ದೇ ಇಲ್ಲ.

ನಿನ್ನೆ ಏನು ತಿಂದೆ ಅಂತ ಬರೆದಿಟ್ಟಿರಲಿಲ್ಲ. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಮಾರ್ಚ್ ೭, ಶುಕ್ರವಾರ

ಗಡ್ಡದವನಿಗೆ ಫೋನ್ ಮಾಡಿದೆ. ನನ್ನ ತಲೆಯ ವಿಷಯ ಹೇಳಲಿಲ್ಲ, "ಪೇಸ್ಟ್ ಮಾಡಿದ್ರೆ ಏನೋ ಬಿಟ್ಟುಹೋಗ್ತಿದೆ ಕಣಪ್ಪ" ಅಂದೆ ಅಷ್ಟೇ.

ಅವನಿಗೆ ಖುಷಿಯೋ ಖುಷಿ. ಇಂಥದ್ದು ಅಂದರೆ ಹಬ್ಬದೂಟ ಅವನಿಗೆ. "ಕೊಂಡಿ ಥರ ಬಾಗಿದ ಉದ್ಧರಣ ಚಿಹ್ನೆ ಬಂದಿದ್ಯಾ ನೋಡಿ. ಸಾಲಿನ ಮಧ್ಯೆ ಎಂಟರ್ ಸೇರ್ಕೊಂಡಿದ್ಯಾ ನೋಡಿ. ತುಂಬಾ ಉದ್ದ ಇದ್ಯಾ? ಸ್ವಲ್ಪ ಸ್ವಲ್ಪ ಪೇಸ್ಟ್ ಮಾಡಿ ನೋಡಿ. ಆದ್ರೆ ಮೇಡಂ, ರೋಗಿಗಳ ಸಾಲು ಇಟ್ಕೊಂಡು ಆಟ ಆಡಬೇಡಿ. ಡೇಟಾಬೇಸಲ್ಲೇ ಬೇರೆ ಟೇಬಲ್ ಮಾಡ್ಕೊಂಡು ಸುಳ್ಳು ಸಾಲು ಹಾಕಿ."

ಸುಳ್ಳು ಸಾಲು ಹಾಕಿದೆ. ರಾಜನಿಗೆ ಉಪ್ಪು ಆಗಲ್ಲ, ಕರೆಯಬೇಕಾದ್ದು ರಾಣಿಯನ್ನು. ರಾಣಿಗೆ ಹುಳಿ ಆಗಲ್ಲ, ಕರೆಯಬೇಕಾದ್ದು ಮಂತ್ರಿಯನ್ನು. ಮಂತ್ರಿಗೆ ಏನೂ ಆಗಲ್ಲ, ಕರೆಯಬೇಕಾದ್ದು ಸೇನಾಪತಿಯನ್ನು. ಉದ್ದ ಮಾಡಿ ಹಾಕಿದೆ, ಗಿಡ್ಡ ಮಾಡಿ ಹಾಕಿದೆ, ಕೊಂಡಿ ಚಿಹ್ನೆ ಹಾಕಿ ತೆಗೆದು ಹಾಕಿದೆ. ಪ್ರತಿ ಸಲವೂ ಇಡೀ ಅರಮನೆ ಸುರಕ್ಷಿತವಾಗಿ ಡೇಟಾಬೇಸಿಗೆ ಬಂದು ಕೂತಿತು.

ರಾಜ ಕ್ಷೇಮ, ರಾಣಿ ಕ್ಷೇಮ. ಹಾಗಾದರೆ ಉಳಿದವಳು ನಾನು.

ಮಾರ್ಚ್ ೧೦, ಸೋಮವಾರ

ಬ್ರೆಡ್ಡು. ಕಂದು ಕೋಟು. ಬೀಗದ ಕೈ ಒಳಜೇಬಿನಲ್ಲಿ. ಮನೆಯ ಒಲೆ ಆರಿಸಿದೆ, ಮತ್ತೆ ಹೋಗಿ ನೋಡಿದೆ, ಬಸ್‌ಸ್ಟಾಪಿನಿಂದ ಮತ್ತೆ ವಾಪಸ್ ಹೋಗಿ ನೋಡಿದೆ. ಬಸ್ಸು ತಪ್ಪಿತು.

ಈಗ ದಿನವೂ ಪೇಸ್ಟ್ ಮಾಡಿದ ಮೇಲೆ ಪ್ರತಿ ಸಾಲನ್ನೂ ಬೆರಳಿಟ್ಟು ಓದುತ್ತೇನೆ. ಇವತ್ತೂ ಕೆಲವು ಅರ್ಧಂಬರ್ಧ. ಸರಿ ಮಾಡಿದೆ. ಯಾರಿಗೂ ಹೇಳಲಿಲ್ಲ. ಕಣ್ಣು ಉರಿಯುತ್ತಿದೆ.

ಮಧ್ಯಾಹ್ನ ಮೂರನೇ ವಾರ್ಡಿನ ಬಾಗಿಲವರೆಗೆ ಹೋದೆ. ಗಡಿಯಾರದಜ್ಜ ದಿಂಬಿಗೆ ಒರಗಿ ಗೋಡೆ ಗಡಿಯಾರವನ್ನೇ ದುರುಗುಟ್ಟಿ ನೋಡುತ್ತಿದ್ದರು. ಕತ್ತು ಇನ್ನೂ ಊದಿತ್ತು. ಒಳಗೆ ಹೋಗಿ ಏನು ಹೇಳಲಿ? ಅಲ್ಲೇ ಚಪ್ಪಲಿ ಸರಿ ಮಾಡಿಕೊಂಡವಳ ಹಾಗೆ ಬಗ್ಗಿ, ತಿರುಗಿ ಬಂದೆ.

ಮಾರ್ಚ್ ೧೧, ಮಂಗಳವಾರ

ಅಮ್ಮ ಇವತ್ತು ನನ್ನನ್ನು ಅವಳ ತಂಗಿಯ ಹೆಸರು ಹಿಡಿದು ಕರೆದಳು. ನಾನು ಸರಿ ಮಾಡಿದೆ. ಮತ್ತೆ ಅದೇ ಹೆಸರು. ಮತ್ತೆ ಸರಿ ಮಾಡಿದೆ. "ಯಾವುದೋ ಒಂದು, ಬಂದ್ಯಲ್ಲ" ಅಂದಳು.

ಅಳು ಬಂತು. ಅವಳ ಮುಂದೆ ಅಳಲಿಲ್ಲ.

ಮಾರ್ಚ್ ೧೩, ಗುರುವಾರ

ಗಟ್ಟಿ ಮನಸ್ಸು ಮಾಡಿ ನಮ್ಮ ಆಸ್ಪತ್ರೆಯದೇ ನೆನಪಿನ ಡಾಕ್ಟರ ಕೋಣೆಗೆ ಹೋದೆ. ಅಮ್ಮನನ್ನು ಕರೆದುಕೊಂಡು ಹೋಗುವ ಕೋಣೆಯೇ. ಸದ್ಯ, ಹೊರಗೆ ಕೂತವಳು ಹೊಸಬಳು, ನನ್ನ ಗುರುತಿಲ್ಲ. "ತಾಯಿಯವ್ರಿಗಾ?" ಅಂದಳು. "ನನಗೆ" ಅಂದೆ.

ಮುಂದಿನ ಗುರುವಾರ ಬರಬೇಕಂತೆ. ಅಷ್ಟರಲ್ಲಿ ತುಂಬಿಕೊಂಡು ಬನ್ನಿ ಅಂತ ಒಂದು ಹಾಳೆ ಕೊಟ್ಟಳು. ಹೆಸರು, ವಯಸ್ಸು, ಆಗದ ಆಹಾರ. ಅದರ ಮೇಲೆ, ತುರ್ತು ಬಿದ್ದರೆ ಯಾರನ್ನು ಕರೆಯಬೇಕು.

ಅಲ್ಲಿ ಪೆನ್ನು ನಿಂತಿತು. ಒಡಹುಟ್ಟಿದವರಿಲ್ಲ. ಮದುವೆಯ ಗೊಡವೆಗೆ ಹೋಗಲಿಲ್ಲ. ಗೆಳತಿಯರು ಅಂದರೆ ಎದುರು ಸಿಕ್ಕಾಗ ನಗುವವರು. ಅಮ್ಮನ ಹಾಳೆಯಲ್ಲಿ ಆ ಜಾಗದಲ್ಲಿ ಕಣ್ಣು ಮುಚ್ಚಿ ನನ್ನ ಹೆಸರು ಬರೆಯುತ್ತೇನೆ. ನನ್ನದರಲ್ಲಿ ಯಾರದು ಬರೆಯಲಿ? ಅಮ್ಮನನ್ನು ಕರೆದರೆ ಅವಳು "ಯಾರಿಗೆ, ನನಗಾ?" ಅಂತ ಕೇಳುತ್ತಾಳೆ.

ಖಾಲಿ ಬಿಟ್ಟು ಮಡಚಿ ಚೀಲದಲ್ಲಿ ಇಟ್ಟೆ.

ಮಾರ್ಚ್ ೧೪, ಶುಕ್ರವಾರ

ಕೂತು ಸಾವಧಾನವಾಗಿ ಬರೆಯಬೇಕು.

ಹನ್ನೊಂದರ ಹೊತ್ತಿಗೆ ವಾರ್ಡುಗಳಿಂದ ಹೊಸದಾಗಿ ಸೇರಿದವರ ಎರಡನೇ ಪಟ್ಟಿ ಬಂತು. ಪೇಸ್ಟ್ ಮಾಡಿದೆ, ಚೀಟಿ ಅಡುಗೆಮನೆಗೆ ಹೋಯಿತು. ಬೆರಳಿಟ್ಟು ಓದುವುದು ಊಟ ಆದ ಮೇಲೆ ಅಂತ ಬಿಟ್ಟೆ. ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಕೊಡೋಣ ಅಂತ. ಆಮೇಲೆ ಏನೋ ಹಟ ಬಂತು. ರಾಜ ರಾಣಿ ಸಾಕು, ನಿಜವಾದ ಮನುಷ್ಯರನ್ನು ಹಾಕಿ ನೋಡೋಣ ಅಂತ ಸುಳ್ಳು ಟೇಬಲಿಗೆ ಅಮ್ಮನ ಸಾಲು, ನನ್ನ ಸಾಲು ತಯಾರು ಮಾಡಿದೆ. ಅಮ್ಮನದು: ಕರೆಯಬೇಕಾದ್ದು ಮಗಳನ್ನು, ಉಪ್ಪು ಕಡಿಮೆ ಇರಲಿ. ನನ್ನದು ನಿನ್ನೆಯ ಹಾಳೆಯಲ್ಲಿ ಇದ್ದ ಹಾಗೇ ತುಂಬಿದೆ. ಹಾಲು ಆಗಲ್ಲ, ಸ್ವಲ್ಪ ಕುಡಿದರೂ ಹೊಟ್ಟೆ ನೋಯುತ್ತದೆ. ಕಾಪಿ, ಪೇಸ್ಟ್. ಕೊನೇ ಸಾಲು ಸರಿ ಅಂತು.

ಒಳಗೆ ನೋಡಿದರೆ ಅಮ್ಮನ ಸಾಲು ಪೂರ್ತಿ ಇದೆ. ನನ್ನದರಲ್ಲಿ ಹೆಸರಿನ ಮುಂದೆ ಒಂದೇ ಮಾತು: "ನೋಯುತ್ತದೆ."

ಎರಡನ್ನೂ ಒಂದೇ ಕೈ, ಒಂದೇ ಗಳಿಗೆಯಲ್ಲಿ ಹಾಕಿದೆ. ಅವಳದು ಉಳಿಯಿತು, ನನ್ನದು ಹೋಯಿತು. ವ್ಯತ್ಯಾಸ ಏನು? ಅವಳಿಗೆ ಕರೆಯೋಕೆ ನಾನಿದ್ದೇನೆ. ನನ್ನ ಕಾಲಂ ಖಾಲಿ.

ಮತ್ತೆ ಪೇಸ್ಟ್ ಮಾಡಿದೆ. ಈ ಸಲ ಮುಖ ತಿರುಗಿಸಲಿಲ್ಲ. ಪರದೆ ಓಡುವ ಮಧ್ಯೆ ಒಂದು ಪ್ರಶ್ನೆ ಮಿಂಚಿ ಹೋಯಿತು. ಎಲ್ಲಾ ತೋರಿಸಲಾ, ಹೌದು ಅಥವಾ ಬೇಡ ಅಂತ. ಹಿಂದೆಯೇ ನಾನು ಕೇಳದ ಹೆಸರುಗಳ ರಾಶಿ.

ಗಡ್ಡದವನಿಗೆ ಫೋನ್. ಅವನು ಕೇಳಿಸಿಕೊಂಡು, "ಅಯ್ಯೋ, ಟ್ಯಾಬು!" ಅಂತ ಹಣೆ ಚಚ್ಚಿಕೊಂಡ ಸದ್ದು ನನಗೆ ಕೇಳಿಸಿತು. "ಪಟ್ಟಿಯಿಂದ ಕಾಪಿ ಮಾಡಿದ್ರೆ ಕಾಲಮ್ಮಿಗೂ ಕಾಲಮ್ಮಿಗೂ ಮಧ್ಯೆ ಒಂದು ಟ್ಯಾಬ್ ಬರುತ್ತೆ ಮೇಡಂ, ಜಾಗ ಬಿಡಿಸೋ ಕಣ್ಣಿಗೆ ಕಾಣದ ಗುರುತು. ಒಂದಾದ್ರೆ ಏನೂ ತೊಂದ್ರೆ ಇಲ್ಲ, ಕಪ್ಪು ಕಿಟಕಿ ನುಂಗ್ಕೊಂಡು ಸುಮ್ನಿರುತ್ತೆ. ಕಾಲಂ ಖಾಲಿ ಇದ್ರೆ ಒಂದರ ಹಿಂದೆ ಒಂದು ಎರಡು ಬರುತ್ತೆ. ಎರಡು ಬಂದ್ರೆ ಅದು, ಪಾಪ ಇವರಿಗೆ ಮುಂದೇನು ಬರೀಬೇಕು ಗೊತ್ತಾಗ್ತಿಲ್ಲ, ಸಹಾಯ ಮಾಡೋಣ ಅಂತ ಮಧ್ಯದಲ್ಲೇ ಪ್ರಶ್ನೆ ಕೇಳುತ್ತೆ. ಕೇಳಿದ ಮೇಲೆ ನೀವೇನೇ ಹೇಳಿ, ತನ್ನ ಪ್ರಶ್ನೆಗೆ ಉತ್ತರ ಅಂತ್ಲೇ ತಿಳ್ಕೊಳ್ಳುತ್ತೆ. ಪದ ಬಂದ್ರೆ ಅರ್ಥ ಆಗಲ್ಲ, ಎಸೆಯುತ್ತೆ. ಪದಗಳ ಮಧ್ಯದ ಜಾಗ ಬಂದ್ರೆ ಹೂಂ ಅಂದ್ರು ಅಂದ್ಕೊಂಡು ಇನ್ನೊಂದು ಪುಟ ತೋರಿಸುತ್ತೆ. ಅದರ ತೋರಿಸೋ ಚಪಲ ಮುಗಿಯೋ ಹೊತ್ತಿಗೆ ನಿಮ್ಮ ಮಾತಿನ ಬಾಲ ಉಳಿದಿರುತ್ತೆ."

"ಮೊದಲು ಯಾಕೆ ಆಗ್ತಿರಲಿಲ್ಲ?"

"ಮೊದಲು ಆ ಕಾಲಮ್ಮಲ್ಲಿ ಯಾವಾಗ್ಲೂ ಏನಾದ್ರೂ ಇರ್ತಿತ್ತಲ್ಲ. ಯಾರೂ ಇಲ್ಲದೆ ಇದ್ರೆ 'ಯಾರೂ ಇಲ್ಲ' ಅಂತಾದ್ರೂ ಬರೀತಿದ್ರು."

ಆಗ ಹೊಳೆಯಿತು, ಹನ್ನೊಂದರ ಪಟ್ಟಿ. ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಓಡಿದೆ. ಲಿಫ್ಟಿಗೆ ಕಾಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಊಟದ ಗಾಡಿ ಹೊರಟು ನಿಂತಿತ್ತು. ಅಡ್ಡ ನಿಂತು, ಎರಡೂ ಕೈಯಲ್ಲಿ ಗಾಡಿ ಹಿಡಿದುಕೊಂಡೆ. "ಒಂದು ತಟ್ಟೆನೂ ಹೋಗಬಾರದು! ನಾನು ಹೇಳೋವರೆಗೂ ಒಂದೂ ಹೋಗಬಾರದು!"

ಮುಖ್ಯ ಅಡುಗೆಯವರು ಸೌಟು ಹಿಡಿದುಕೊಂಡೇ ಬಂದರು. "ಏನಮ್ಮಾ ಇದು, ಮೇಲೆ ಎಲ್ಲಾ ಹಸ್ಕೊಂಡಿದ್ದಾರೆ."

"ಹಸಿದಿರಲಿ! ಸೂಪರಿಂಟೆಂಡೆಂಟ್ ಬಂದು ಹೇಳಿದ್ರೂ ಬಿಡಲ್ಲ!"

ದೊಡ್ಡ ಸಿಸ್ಟರ್ ಗಲಾಟೆ ಕೇಳಿ ಬಂದರು. ನಾನು ಅವರಿಗೆ, "ನಿಂತ್ಕೊಂಡು ನೋಡಬೇಡಿ, ಖಾಲಿ ಬಿಟ್ಟಿರೋರದೆಲ್ಲ ವಾರ್ಡ್ ಪಟ್ಟಿ ತೆಗೀರಿ" ಅಂದೆನಂತೆ. ಅಡುಗೆಯವರು ಆಮೇಲೆ ಹೇಳಿದ್ದು. ಎಲ್ಲರೂ ಸೇರಿ ಚೀಟಿ ಚೀಟಿ ಹೋಲಿಸಿದೆವು. ಬೆಳಿಗ್ಗೆಯಷ್ಟೇ ಐದನೇ ವಾರ್ಡಿಗೆ ಸೇರಿದ ಒಬ್ಬ ದರ್ಜಿ ಹೆಂಗಸಿಗೆ ಮೀನು ವಿಷವಿದ್ದ ಹಾಗೆ. ಅವಳ ತಟ್ಟೆಯಲ್ಲಿ ಮೀನಿತ್ತು. ಮುಚ್ಚಳ ತೆಗೆದಾಗ ಇನ್ನೂ ಹಬೆಯಾಡುತ್ತಿತ್ತು. ದೊಡ್ಡ ಸಿಸ್ಟರ್ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

ಊಟ ತಡವಾಯಿತು, ಅಷ್ಟೇ. ಆಮೇಲೆ ಗಡ್ಡದವನು ಹೇಳಿದ ಹಾಗೆ ಕಪ್ಪು ಕಿಟಕಿ ತೆರೆಯುವಾಗಲೇ ನಿನ್ನ ಸಹಾಯ ಬೇಡ ಅಂತ ಒಂದು ಮಾತು ಸೇರಿಸಿದೆ. ನನ್ನ ಸಾಲು ಮತ್ತೆ ಹಾಕಿದೆ. ಪ್ರಶ್ನೆ ಬರಲಿಲ್ಲ. ಕಾಲಂ ಖಾಲಿಯಿದ್ದರೂ ಹಾಲಿನಿಂದ ಹೊಟ್ಟೆನೋವಿನವರೆಗೆ ಪೂರ್ತಿ ಬಂತು.

ನನ್ನ ತಲೆ ಅಲ್ಲ. ಟ್ಯಾಬು. ದೇವರೇ, ಬರೀ ಟ್ಯಾಬು.

ಮಾರ್ಚ್ ೧೬, ಭಾನುವಾರ

ಗಂಟಲು ಕಟ್ಟಿದೆ. ಶುಕ್ರವಾರದಿಂದ ಹೀಗೇ. ಹವಾಮಾನ ಸರಿಯಿಲ್ಲ ಅನಿಸುತ್ತದೆ.

ಮಾತಾಡೋಕೆ ಆಗದೆ ಅಮ್ಮನ ಪಕ್ಕ ಬಟ್ಟೆ ಮಡಚುತ್ತಾ ಕೂತಿದ್ದೆ. ಅವಳು ಶುರು ಮಾಡಿದಳು. "ಅವತ್ತು ಬಸ್‌ಸ್ಟ್ಯಾಂಡಲ್ಲಿ ನಿನ್ನ ಕೈ ತಪ್ಪೋಯ್ತು ನೋಡು..."

ನಾನು ಮಡಚುತ್ತಾ ಇದ್ದೆ. ಅಮ್ಮನ ಮಾತು ಅಲ್ಲಿಗೆ ನಿಂತಿತು. ಕೇಳೋಕೆ ನನಗೆ ದನಿ ಇರಲಿಲ್ಲ. ಆಮೇಲೆ ತಾನಾಗೇ ಮುಂದಕ್ಕೆ ಹೋದಳು.

"ಜನ ಅಂದ್ರೆ ಜನ. ಹುಚ್ಚಿ ಹಂಗೆ ಓಡಾಡ್ದೆ. ಮೈಕಲ್ಲಿ ಒಬ್ಬ ಕೇಳ್ತಿದ್ದಾನೆ, ಪುಟ್ಟೀ ನಿನ್ನ ಹೆಸರೇನು, ಅಮ್ಮನ ಹೆಸರೇನು, ಮನೆ ಎಲ್ಲಿ. ನೀನು ಬಾಯಿ ಬಿಟ್ರೆ ತಾನೆ! ಹೆಸರಿಲ್ಲ, ಊರಿಲ್ಲ, ಬರೀ ಗೊಳೋ ಅಂತ ಅಳು. ಆ ಅಳು ಮೈಕಲ್ಲಿ ಊರೆಲ್ಲಾ ಕೇಳಿಸ್ತಿತ್ತು. ಪಾಪ ಅವನಿಗೆ ಹೆಸರು ಬೇಕಿತ್ತು. ನನಗ್ಯಾಕೆ ಬೇಕು ಹೆಸರು? ಬಂದೆ, ಎತ್ಕೊಂಡೆ."

ಇಷ್ಟು ವರ್ಷದಲ್ಲಿ ಈ ಭಾಗ ನಾನು ಕೇಳಿರಲಿಲ್ಲ. ಟವೆಲನ್ನು ಮೂರು ಸಲ ಬಿಚ್ಚಿ ಮಡಚಿದೆ.

ಮಾರ್ಚ್ ೧೭, ಸೋಮವಾರ

ಮೀಟಿಂಗ್ ಆಯಿತು. ಕಟ್ಟಿದ ಗಂಟಲಲ್ಲೇ ವಿವರಿಸಿದೆ. ಸೂಪರಿಂಟೆಂಡೆಂಟರು ಮಧ್ಯೆ ಮಧ್ಯೆ ಕೇಳೋಕೆ ಬಂದರು. "ಪೂರ್ತಿ ಹೇಳಿಬಿಡ್ತೀನಿ, ಆಮೇಲೆ ಕೇಳಿ ಸಾರ್" ಅಂದೆ.

ಮುಗಿದ ಮೇಲೆ ದೊಡ್ಡ ಸಿಸ್ಟರ್ ಎದ್ದು ನಿಂತರು. ಆ ಹೆಂಗಸು ಅಳುತ್ತದೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. "ಖಾಲಿ ಬಿಡಿ ಅಂತ ಹೇಳಿದವಳು ನಾನೇ ಸಾರ್. ಹಾಸಿಗೆ ತಲೆಗೆ ನೇತುಹಾಕೋ ಚೀಟೀಲಿ 'ಯಾರೂ ಇಲ್ಲ' ಅಂತ ಇರ್ತಿತ್ತು. ಕಳೆದ ತಿಂಗಳು ಒಬ್ಬರು ಅದನ್ನ ಓದಿ, ನನಗೆ ಗೊತ್ತಿರೋದನ್ನೇ ಬರೆದು ತಲೆ ಮೇಲೆ ನೇತುಹಾಕಬೇಕಾ ಸಿಸ್ಟರ್ ಅಂದ್ರು. ಮನಸ್ಸು ತಡೀಲಿಲ್ಲ. ಒಳ್ಳೇದಾಗ್ಲಿ ಅಂತ ಮಾಡ್ದೆ." ಆಮೇಲೆ ಮೆಲ್ಲಗೆ, "ಇಷ್ಟು ದಿನ ಒಂದು ದೂರೂ ಬರಲಿಲ್ಲ ನೋಡಿ. ಊಟ ಸರಿಯಿಲ್ಲ ಅಂತ ಬಂದು ಕೂಗಾಡೋಕಾದ್ರೂ ಒಬ್ಬರು ಬೇಕಲ್ಲ ಅವರಿಗೆ" ಅಂದರು.

"ಹಾಗಾದ್ರೆ ಮೊದಲಿನ ಹಾಗೆ 'ಯಾರೂ ಇಲ್ಲ' ಅಂತಲೇ ಬರೀರಿ, ತಲೆನೋವೇ ಇಲ್ಲ" ಅಂದರು ಸೂಪರಿಂಟೆಂಡೆಂಟರು.

"ಬೇಡ ಸಾರ್" ಅಂದೆ. "ಸಿಸ್ಟರ್ ಮಾಡಿದ್ದೇ ಸರಿ. ಯಂತ್ರದ್ದು ನಾನು ಸರಿ ಮಾಡಿದ್ದೀನಿ. ಅದಕ್ಕೋಸ್ಕರ ಯಾರೂ ತಮ್ಮ ತಲೆ ಮೇಲೆ ಆ ಮಾತನ್ನ ಮತ್ತೆ ಓದಬೇಕಾಗಿಲ್ಲ."

ಒಪ್ಪಿದರು. ಬರುವಾಗ ದೊಡ್ಡ ಸಿಸ್ಟರ್ ನನ್ನ ಜೊತೆ ಕಾರಿಡಾರಿನ ಕೊನೆಯವರೆಗೂ ನಡೆದರು. ಗಂಟಲಿಗೆ ಬಿಸಿ ನೀರಲ್ಲಿ ಉಪ್ಪು ಹಾಕಿ ಮುಕ್ಕಳಿಸಬೇಕಂತೆ.

ಮಾರ್ಚ್ ೧೮, ಮಂಗಳವಾರ

ಗಡಿಯಾರದಜ್ಜನ ಹತ್ತಿರ ಹೋಗಿ ಎಲ್ಲ ಹೇಳಿದೆ. ಕೈಮುಗಿದು ಕ್ಷಮಿಸಿ ಅಂದೆ. ಅವರು ಕಿವಿಗೊಟ್ಟು ಕೇಳಿ, "ಅಂದ್ರೆ, ನನಗೆ ಯಾರೂ ಇಲ್ಲ ಅಂತ ಗೊತ್ತಾಗಿದ್ದೇ ತಡ, ಆ ಡಬ್ಬ ನನ್ನ ಮಾತಿಗೆ ಬೆಲೆ ಕೊಡೋದು ಬಿಟ್ಟುಬಿಡ್ತು. ಮನುಷ್ಯರಿಂದ ಚೆನ್ನಾಗಿ ಕಲ್ತಿದೆ" ಅಂದರು. ಸ್ವರ ಇನ್ನೂ ಗೊರಗೊರ. ನಗುತ್ತಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ.

"ಈಗ ಖಾಲಿ ಬಿಟ್ಟರೂ ತೊಂದರೆ ಇಲ್ಲ ಅಜ್ಜಾ."

"ಖಾಲಿ ಯಾಕೆ? ಇವನ ಹೆಸರು ಬರಿ" ಅಂತ ಪಕ್ಕದ ಹಾಸಿಗೆ ತೋರಿಸಿದರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಲಾರಿ ಡ್ರೈವರು. "ಗಂಟೆ ಒತ್ತಿದ್ದು ಅವನೇ ತಾನೆ?"

"ನಾನು ನಾಳಿದ್ದು ಮನೆಗೆ ಹೋಗ್ತೀನಲ್ಲ ಯಜಮಾನ್ರೇ" ಅಂದ ಡ್ರೈವರು.

"ಹೋದ್ರೆ ಕರೆದಾಗ ಬರೋಕಾಗಲ್ವೇನೋ? ಲಾರಿ ಇದೆಯಲ್ಲ ನಿನ್ನ ಹತ್ರ."

ಡ್ರೈವರು ಒಂದು ನಿಮಿಷ ತಲೆ ಕೆರೆದುಕೊಂಡು ನಂಬರು ಹೇಳಿದ. ಬರೆದುಕೊಂಡೆ.

ಮಾರ್ಚ್ ೨೦, ಗುರುವಾರ

ನೆನಪಿನ ಡಾಕ್ಟರ ಹತ್ತಿರ ಹೋಗೋದು ಬೇಡ ಅಂದುಕೊಂಡಿದ್ದೆ. ಟ್ಯಾಬು ಸಿಕ್ಕಿತಲ್ಲ, ಇನ್ನೇನು? ಆಮೇಲೆ ಅಮ್ಮನ ವಯಸ್ಸಿಗೆ ನಾನೂ ಬರುತ್ತೇನೆ, ಹೋಗಿ ಬರೋಣ ಅನಿಸಿತು. ಕೆಲಸಕ್ಕೆ ರಜೆ ಹಾಕಿ, ಅಮ್ಮನನ್ನು ಒಬ್ಬಳೇ ಬಿಡುವುದು ಯಾಕೆ ಅಂತ ಜೊತೆಗೆ ಕರೆದುಕೊಂಡು ಹೋದೆ. ಹೊರಗಿನ ಬೆಂಚಿನಲ್ಲಿ ಕೂತು ಹಾಳೆ ಬಿಚ್ಚಿದೆ. ಆ ಜಾಗ ಹಾಗೇ ಇತ್ತು.

ಅಮ್ಮ ಬಗ್ಗಿ ನೋಡಿದಳು. ಓದುವುದು ಮಾತ್ರ ಇನ್ನೂ ಸಲೀಸು ಅವಳಿಗೆ. "ಯಾರನ್ನು ಕರೆಯಬೇಕು" ಅಂತ ಬೆರಳಿಟ್ಟು ಜೋರಾಗಿ ಓದಿದಳು. ಬೆಂಚಿನವರೆಲ್ಲ ತಿರುಗಿದರು. "ಇಲ್ಲಿ ಏನೂ ಬರ್ದಿಲ್ಲ ನೀನು."

"ಬಿಡಮ್ಮ. ಖಾಲಿ ಇರಲಿ."

"ಯಾಕೆ ಖಾಲಿ? ನಾನು ಸತ್ತಿದ್ದೀನಾ? ನನ್ನ ಹೆಸರು ಬರಿ."

ಬೆಳಿಗ್ಗೆಯಿಂದ ಎರಡು ಸಲ ನನ್ನನ್ನು ಚಿಕ್ಕಮ್ಮನ ಹೆಸರಲ್ಲಿ ಕರೆದಿದ್ದಳು. ಮೆಲ್ಲಗೆ ಅಂದೆ, "ಅಮ್ಮ, ಅವರು ಫೋನ್ ಮಾಡಿ ಇಂಥವರಿಗೆ ಹೀಗಾಗಿದೆ ಬನ್ನಿ ಅಂತಾರೆ. ಅದು ಯಾರು ಅಂತ ಆಗ ನಿನಗೆ ಗೊತ್ತಾಗದೇ ಇದ್ರೆ?"

ಅಮ್ಮ ನನ್ನನ್ನು ನೋಡಿದಳು. ತಾನು ಯಾರ ಹತ್ತಿರ ಮಾತಾಡುತ್ತಿದ್ದೇನೆ ಅಂತ ಅವಳಿಗೆ ಆಗ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

"ಗೊತ್ತಾಗದೇ ಇದ್ರೆ ಏನೀಗ?" ಅಂದಳು. "ಅಳೋದು ಕೇಳಿಸಿದ್ರೆ ಸಾಕು, ಬರ್ತೀನಿ."

ಹೆಸರು ಬರೆದೆ. ಸಂಬಂಧ ಅನ್ನುವ ಕಡೆ ಅಮ್ಮ ಅಂತ ಬರೆದೆ. ಒಳಗಿನಿಂದ ನನ್ನ ಹೆಸರು ಕೂಗಿದರು. ಅಮ್ಮನೇ ಮೊದಲು ಎದ್ದು ನಿಂತಳು.